ಹಳೆ ಕಾರಿಗೆ ಬೇರೆ ಗೇರ್‌ಬಾಕ್ಸ್: ತಪ್ಪು ಹುಡುಕುವ ಬಗೆ

ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಊರುಗಳ ರಸ್ತೆಗಳಲ್ಲಿ ಆಗಾಗ ಕಾಣುತ್ತಿದ್ದ ದೃಶ್ಯವಿದು. ಸಿಗ್ನಲ್ಲಿನಲ್ಲಿ ನಿಂತ ಅಂಬಾಸಿಡರ್ ಕಾರು ಹಸಿರು ದೀಪ ಬಂದರೂ ಕದಲುವುದಿಲ್ಲ. ಹಿಂದಿನ ವಾಹನಗಳ ಹಾರನ್ ಕಿವಿಗಡಚಿಕ್ಕುತ್ತದೆ. ಚಾಲಕ ಮಾತ್ರ ಗಾಬರಿಯಾಗದೆ ಇಳಿಯುತ್ತಾನೆ, ಬಾನೆಟ್ ಎತ್ತುತ್ತಾನೆ, ಒಳಗೆ ಕೈ ಹಾಕಿ ಒಂದು ಸರಳನ್ನು ಜಗ್ಗುತ್ತಾನೆ. 'ಟಕ್' ಎಂಬ ಸದ್ದು. ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಹೊರಟುಬಿಡುತ್ತಾನೆ.

ಅವನು ಮಾಡಿದ್ದಿಷ್ಟೇ: ಸಿಕ್ಕಿಹಾಕಿಕೊಂಡ ಗೇರನ್ನು ಬಿಡಿಸಿದ್ದು. ಅಂಬಾಸಿಡರ್, ಫಿಯೆಟ್ ಪದ್ಮಿನಿಗಳಂಥ ಕಾರುಗಳಲ್ಲಿ ಗೇರ್ ಲಿವರ್ ಇದ್ದದ್ದು ಸ್ಟೀರಿಂಗಿನ ಪಕ್ಕದಲ್ಲಿ. ಗೇರ್‌ಬಾಕ್ಸ್ ಇರುವುದು ಚಾಲಕನ ಕಾಲ ಬಳಿ, ನೆಲದ ಕೆಳಗೆ. ಇವೆರಡನ್ನೂ ಬೆಸೆಯಲು ಸರಳುಗಳು, ಕೊಂಡಿಗಳು, ಸಣ್ಣ ಸಣ್ಣ ಬುಷ್‌ಗಳು. ವರ್ಷಗಳು ಉರುಳಿದಂತೆ ಈ ಬುಷ್‌ಗಳು ಸವೆಯುತ್ತವೆ. ಒಂದೊಂದರಲ್ಲೂ ಕೂದಲೆಳೆಯಷ್ಟು ಸಡಿಲ. ಎಲ್ಲ ಸೇರಿದರೆ ಲಿವರಿನ ತುದಿಯಲ್ಲಿ ಮೂರು ಬೆರಳಿನಷ್ಟು ಸಡಿಲ. ಚಾಲಕ ಎರಡನೇ ಗೇರೆಂದು ಎಳೆದದ್ದು ಅರ್ಧಕ್ಕೇ ನಿಂತು, ಅತ್ತ ಮೊದಲನೆಯದೂ ಬಿಡದೆ, ಇತ್ತ ಎರಡನೆಯದೂ ಹಿಡಿಯದೆ ಕಾರು ತ್ರಿಶಂಕುವಾಗುತ್ತಿತ್ತು.

ಹೀಗಾಗಿ ಇಂಥ ಕಾರನ್ನು ಇಂದಿಗೂ ಉಳಿಸಿಕೊಂಡಿರುವ ಅನೇಕರಿಗೆ ಒಂದು ಆಸೆ. ಈ ಹಳೆಯ ಗೇರ್‌ಬಾಕ್ಸನ್ನು ಕಳಚಿ, ನೆಲದಿಂದ ಲಿವರ್ ಮೇಲೇಳುವ ಐದು ಗೇರಿನ ಪೆಟ್ಟಿಗೆಯೊಂದನ್ನು ಕೂಡಿಸಿದರೆ ಹೇಗೆ? ಆಸೆ ಅಸಹಜವಲ್ಲ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ತಾನೇ ಆ ದಾರಿ ಹಿಡಿದಿತ್ತು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿಯನ್ನು ಆಧರಿಸಿ 1950ರ ದಶಕದ ಕೊನೆಯಲ್ಲಿ ಉತ್ತರಪಾರಾದ ಕಾರ್ಖಾನೆಯಿಂದ ಹೊರಬಂದ ಅಂಬಾಸಿಡರ್, ದಶಕಗಳ ಕಾಲ 1489 ಸಿಸಿ ಎಂಜಿನ್ನು ಮತ್ತು ನಾಲ್ಕು ಗೇರುಗಳಲ್ಲೇ ಓಡಿತು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ನೂ ಐದು ಗೇರಿನ ಪೆಟ್ಟಿಗೆಯೂ ಬಂದವು. ಗೇರ್ ಲಿವರ್ ನೆಲಕ್ಕೆ ಇಳಿಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಗುಜರಿಗೆ ಹೋದ ಒಂದು ಕಾರಿನ ಪೆಟ್ಟಿಗೆ ಅದೇ ವಂಶದ ಇನ್ನೊಂದು ಕಾರಿನ ಹೊಟ್ಟೆ ಸೇರುವುದು ಹೀಗೆ.

ಆದರೆ ಪೆಟ್ಟಿಗೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬೋಲ್ಟುಗಳೆಲ್ಲ ಬಿಗಿಯಾಗಿವೆ, ಎಣ್ಣೆ ತುಂಬಿದೆ, ಎಂಜಿನ್ ಶುರುವಾಗಿದೆ. ಆದರೂ ಗೇರು ಬೀಳುವುದಿಲ್ಲ, ಬಿದ್ದರೆ ನಿಲ್ಲುವುದಿಲ್ಲ, ನಿಂತರೆ ಗೊರಗುಟ್ಟುತ್ತದೆ. ಆಗ ಸಾಮಾನ್ಯವಾಗಿ ಬೈಗುಳ ತಿನ್ನುವುದು ಪೆಟ್ಟಿಗೆ. ವಾಸ್ತವವಾಗಿ ಇಂಥ ತೊಂದರೆಗಳಲ್ಲಿ ಬಹುಪಾಲಿಗೆ ಕಾರಣ ಪೆಟ್ಟಿಗೆಯ ಒಳಗಿರದೆ ಅದರ ಸುತ್ತಲೂ ಇರುತ್ತದೆ.

ಹಲ್ಲುಗಳ ಸಂಸಾರ

ತಪ್ಪು ಹುಡುಕಬೇಕಾದರೆ ಮೊದಲು ಸರಿ ಯಾವುದೆಂದು ತಿಳಿದಿರಬೇಕು. ಪೆಟ್ರೋಲ್ ಎಂಜಿನ್ನು ಒಂದು ಮಟ್ಟದ ವೇಗದಲ್ಲಿ ತಿರುಗಿದರೆ ಮಾತ್ರ ಬಲ ಕೊಡಬಲ್ಲದು. ನಿಂತ ಕಾರನ್ನು ಎಬ್ಬಿಸಲು, ಘಾಟಿ ಹತ್ತಿಸಲು ಚಕ್ರಕ್ಕೆ ಬೇಕಾದದ್ದು ಹೆಚ್ಚು ಬಲ, ಕಡಿಮೆ ವೇಗ. ಬಯಲಿನಲ್ಲಿ ಓಡಲು ಕಡಿಮೆ ಬಲ, ಹೆಚ್ಚು ವೇಗ. ಈ ವಿನಿಮಯವನ್ನು ನಡೆಸಿಕೊಡುವ ದಲ್ಲಾಳಿಯೇ ಗೇರ್‌ಬಾಕ್ಸ್. ಸಣ್ಣ ಹಲ್ಲುಚಕ್ರವೊಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದಾಗ ವೇಗ ಇಳಿದು ಬಲ ಏರುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಫ್ರಾನ್ಸಿನ ಪನ್ಹಾರ್ಡ್ ಲೆವಾಸರ್ ಕಾರುಗಳು ಹಲ್ಲುಚಕ್ರಗಳನ್ನು ಶಾಫ್ಟಿನ ಮೇಲೆ ಅತ್ತಿತ್ತ ಜಾರಿಸಿ ಒಂದಕ್ಕೊಂದು ಕೂಡಿಸುವ ವಿಧಾನಕ್ಕೆ ಹೆಸರು ತಂದುಕೊಟ್ಟವು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಉಕ್ಕಿನ ಚಕ್ರಗಳು ಮುಖಾಮುಖಿಯಾದರೆ ಕೇಳಬೇಕೆ? ಕರಕರ ಸದ್ದು ಆ ಕಾಲದ ಮೋಟಾರು ಪ್ರಯಾಣದ ಭಾಗವೇ ಆಗಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಸಿಂಕ್ರೊಮೆಷ್. ಅಮೆರಿಕದ ಎಂಜಿನಿಯರ್ ಅರ್ಲ್ ಥಾಂಪ್ಸನ್ ರೂಪಿಸಿದ ಈ ವ್ಯವಸ್ಥೆ 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂತು. ಈಗಿನ ಪೆಟ್ಟಿಗೆಗಳಲ್ಲಿ ಮುಂದಿನ ಗೇರುಗಳೆಲ್ಲ ಸದಾ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ಚಾಲಕ ಜಾರಿಸುವುದು ಒಂದು ಉಂಗುರವನ್ನು ಮಾತ್ರ. ಅದು ಗೇರನ್ನು ಶಾಫ್ಟಿಗೆ ಕಟ್ಟುವ ಮೊದಲು ಹಿತ್ತಾಳೆಯಂಥ ಲೋಹದ ಒಂದು ಬಳೆ ಗೇರಿನ ಪಕ್ಕದ ಶಂಕುವಿಗೆ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ. ಮದುವೆಗೆ ಮುನ್ನ ಜಾತಕ ಹೊಂದಿಸಿದಂತೆ.

ಅಂಬಾಸಿಡರಿನ ಹಳೆಯ ಪೆಟ್ಟಿಗೆಯಲ್ಲಿ ಈ ಅನುಕೂಲ ಎರಡು, ಮೂರು, ನಾಲ್ಕನೇ ಗೇರುಗಳಿಗಷ್ಟೇ ಇತ್ತು; ಮೊದಲನೆಯದಕ್ಕೆ ಇರಲಿಲ್ಲ. ಆದ್ದರಿಂದಲೇ ಓಡುತ್ತಿರುವಾಗ ಮೊದಲನೆಯದಕ್ಕೆ ಇಳಿಯಬೇಕಾದರೆ ಎರಡು ಸಲ ಕ್ಲಚ್ ತುಳಿದು, ನಡುವೆ ಎಂಜಿನ್ನಿನ ವೇಗ ಏರಿಸುವ 'ಡಬಲ್ ಕ್ಲಚ್' ಬೇಕಾಗುತ್ತಿತ್ತು. ಹಳೆಯ ಲಾರಿ, ಬಸ್ಸುಗಳ ಚಾಲಕರಿಗೆ ಇದು ಕಾಲಿಗೇ ಬಂದ ವಿದ್ಯೆ. ಇದನ್ನರಿಯದವರು ಹಳೆಯ ಪೆಟ್ಟಿಗೆಯ ಸಹಜ ಸ್ವಭಾವವನ್ನೇ ರೋಗವೆಂದು ತಿಳಿದು ಕಳಚಿಸಿದ ಉದಾಹರಣೆಗಳಿವೆ. ಆದ್ದರಿಂದ ಮೊದಲ ಪ್ರಶ್ನೆ, ಇದು ನಿಜವಾಗಿಯೂ ದೋಷವೇ ಎಂಬುದು.

ಕೂಡಿಸುವಾಗಲೇ ಆಗುವ ಅನಾಹುತ

ಎಂಜಿನ್ನಿನ ಹಿಂಬದಿಯಲ್ಲಿ ಭಾರವಾದ ಫ್ಲೈವೀಲ್. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟು. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು. ಗೇರ್‌ಬಾಕ್ಸಿನಿಂದ ಮುಂದೆ ಚಾಚಿದ ಶಾಫ್ಟು ಕ್ಲಚ್ ಪ್ಲೇಟಿನ ನಡುವಣ ಗೀರುಗಳೊಳಗೆ ತೂರಿ, ಎಂಜಿನ್ನಿನ ಕ್ರಾಂಕ್‌ಶಾಫ್ಟಿನ ತುದಿಯಲ್ಲಿರುವ ಪುಟ್ಟ ಪೈಲಟ್ ಬುಷ್ ಅಥವಾ ಬೇರಿಂಗಿನಲ್ಲಿ ಮೂಗು ಊರಬೇಕು. ಇದಿಷ್ಟೂ ಒಂದೇ ನೇರದಲ್ಲಿರಬೇಕು.

ಸರಿಯಾಗಿ ಹೊಂದಿದ ಪೆಟ್ಟಿಗೆ ಕೈಬಲದಲ್ಲೇ ಜಾರಿ ಎಂಜಿನ್ನಿಗೆ ಅಂಟಿ ಕೂರುತ್ತದೆ. ಕೊನೆಯ ಅರ್ಧ ಅಂಗುಲ ಹೋಗದೆ ನಿಂತಿತೆನ್ನಿ. ಇಲ್ಲಿಯೇ ತಾಳ್ಮೆ ಕೆಡುವುದು. 'ಬೋಲ್ಟ್ ಹಾಕಿ ಬಿಗಿ ಮಾಡಿದರೆ ತಾನೇ ಹೋಗುತ್ತೆ' ಎನ್ನುವವರು ಎಲ್ಲ ಗ್ಯಾರೇಜುಗಳಲ್ಲೂ ಇದ್ದಾರೆ. ಹೋಗುತ್ತದೆ, ನಿಜ. ಆದರೆ ಜೊತೆಗೆ ಎರಕದ ಕಿವಿ ಬಿರುಕು ಬಿಡುತ್ತದೆ, ಪೈಲಟ್ ಬುಷ್ ನಜ್ಜುಗುಜ್ಜಾಗುತ್ತದೆ, ಕ್ರಾಂಕ್‌ಶಾಫ್ಟು ಮುಂದಕ್ಕೆ ತಳ್ಳಲ್ಪಟ್ಟು ಅದರ ಒತ್ತು ಬೇರಿಂಗು ಸವೆಯತೊಡಗುತ್ತದೆ. ಗೇರ್‌ಬಾಕ್ಸ್ ಬದಲಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವ ದಾರಿ ಇದು.

ಹೋಗದಿರಲು ಕಾರಣಗಳು ಮೂರು. ಮೊದಲನೆಯದು, ಕ್ಲಚ್ ಪ್ಲೇಟು ನಡುಮಧ್ಯದಲ್ಲಿ ಕೂತಿಲ್ಲ. ಹಳೆಯ ಶಾಫ್ಟಿನ ತುಂಡನ್ನೋ ಅದಕ್ಕೆಂದೇ ಮಾಡಿದ ಸಾಧನವನ್ನೋ ತೂರಿಸಿ ಮತ್ತೆ ಮಧ್ಯಕ್ಕೆ ತರಬೇಕು. ಎರಡನೆಯದು, ಶಾಫ್ಟಿನ ಗೀರುಗಳು ಪ್ಲೇಟಿನ ಗೀರುಗಳಿಗೆ ಎದುರಾಗಿಲ್ಲ. ಪೆಟ್ಟಿಗೆಯನ್ನು ಗೇರಿನಲ್ಲಿಟ್ಟು ಹಿಂದಿನ ತುದಿಯನ್ನು ತುಸು ತಿರುಗಿಸಿದರೆ ಸಾಕು. ಮೂರನೆಯದು ಬೇರೆ ಪೆಟ್ಟಿಗೆ ಕೂಡಿಸುವಾಗ ಮಾತ್ರ ಬರುವಂಥದು: ಹೊಸ ಶಾಫ್ಟಿನ ಮೂಗು ಉದ್ದವಾಗಿದೆ, ಅಥವಾ ಅದರ ದಪ್ಪಕ್ಕೆ ಪೈಲಟ್ ಬುಷ್ಷಿನ ತೂತು ಹೊಂದುವುದಿಲ್ಲ. ಇದನ್ನು ಕೆಲಸ ಆರಂಭಿಸುವ ಮುನ್ನವೇ ಅಳೆಯಬೇಕು. ಅಮೆರಿಕದಲ್ಲಿ ಹಳೆಯ ಆಟೊಮ್ಯಾಟಿಕ್ ಕಾರುಗಳನ್ನು ಕೈಗೇರಿಗೆ ಬದಲಾಯಿಸುವ ಹವ್ಯಾಸಿಗಳಿಗೆ ಇದು ಚಿರಪರಿಚಿತ ಪೇಚು. ಆಟೊಮ್ಯಾಟಿಕ್ಕಿಗೆ ಪೈಲಟ್ ಬುಷ್ ಬೇಕಿಲ್ಲವಾದ್ದರಿಂದ ಕೆಲವು ಕ್ರಾಂಕ್‌ಶಾಫ್ಟುಗಳಲ್ಲಿ ಅದಕ್ಕೆ ಬೇಕಾದ ತೂತನ್ನು ಪೂರ್ತಿ ಕೊರೆದಿರುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ. ಪೆಟ್ಟಿಗೆಯನ್ನು ಅರ್ಧ ತೂರಿಸಿ, 'ಸ್ವಲ್ಪ ಹಿಡ್ಕೊಳ್ಳೋ' ಎಂದು ಜ್ಯಾಕ್ ಸರಿಪಡಿಸಲು ಹೋದಾಗ, ಆ ಭಾರವೆಲ್ಲ ತೆಳುವಾದ ಕ್ಲಚ್ ಪ್ಲೇಟಿನ ಮೇಲೆ ಬೀಳುತ್ತದೆ. ಪ್ಲೇಟು ಬಾಗುತ್ತದೆ. ಕಣ್ಣಿಗೆ ಕಾಣದಷ್ಟೇ ಬಾಗಿದರೂ ಮುಂದೆ ಕ್ಲಚ್ ತುಳಿದಾಗ ಅದು ಪೂರ್ತಿ ಬಿಡುವುದಿಲ್ಲ. ಒಂದು ನಿಮಿಷದ ಅಜಾಗ್ರತೆಗೆ ಎರಡು ದಿನದ ಕೆಲಸ.

ಕೂದಲೆಳೆಯ ಲೆಕ್ಕ

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಗಂಟೆಯಾಕಾರದ ಕವಚಕ್ಕೆ ಬೆಲ್ ಹೌಸಿಂಗ್ ಎಂದು ಹೆಸರು. ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದು ಕಂಪನಿಯ ಪೆಟ್ಟಿಗೆ ಹೊಂದಿಸುವಾಗ ಇದನ್ನೋ, ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟನ್ನೋ ಲೇತ್ ಅಂಗಡಿಯಲ್ಲಿ ಮಾಡಿಸಬೇಕಾಗುತ್ತದೆ. ಅದರ ನಡುತೂತು ಕ್ರಾಂಕ್‌ಶಾಫ್ಟಿನ ನಡುಗೆರೆಗೆ ಸರಿಯಾಗಿ ಹೊಂದಬೇಕು.

ಇದನ್ನು ಪರೀಕ್ಷಿಸುವ ಬಗೆ ಸರಳ. ಡಯಲ್ ಗೇಜನ್ನು ಫ್ಲೈವೀಲಿಗೆ ಕಟ್ಟಿ, ಅದರ ಮುಳ್ಳು ಬೆಲ್ ಹೌಸಿಂಗಿನ ನಡುತೂತಿನ ಅಂಚಿಗೆ ತಾಗುವಂತೆ ಇಟ್ಟು, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಗೇಜಿನ ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಗುಲದ ಸಾವಿರದ ಐದು ಭಾಗ, ಅಂದರೆ ಸುಮಾರು 0.13 ಮಿಲಿಮೀಟರಿಗಿಂತ ಹೆಚ್ಚು ಆಡಬಾರದೆಂಬುದು ಅನೇಕ ಪೆಟ್ಟಿಗೆಗಳಿಗೆ ಹೇಳುವ ಮಿತಿ. ನಿಜವಾದ ಓರೆ ಅದರ ಅರ್ಧ. ಅಂದರೆ ತಲೆಗೂದಲಿನ ದಪ್ಪದಷ್ಟು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ಗದ್ದಲವೇಕೆ? ಶಾಫ್ಟಿನ ಒಂದು ತುದಿಯನ್ನು ಪೆಟ್ಟಿಗೆಯ ಬೇರಿಂಗು ಹಿಡಿದಿದೆ, ಇನ್ನೊಂದು ತುದಿಯನ್ನು ಪೈಲಟ್ ಬುಷ್. ಎರಡೂ ಒಂದೇ ಗೆರೆಯಲ್ಲಿಲ್ಲದಿದ್ದರೆ ಪ್ರತಿ ಸುತ್ತಿಗೂ ಶಾಫ್ಟು ತೊನೆಯುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಅಷ್ಟೂ ಸಲ ಬುಷ್ಷಿಗೆ ಪೆಟ್ಟು. ಅದರ ಫಲ ಆರು ತಿಂಗಳಿಗೆ ಗೊತ್ತಾಗುತ್ತದೆ: ಕ್ಲಚ್ ಅದುರುತ್ತದೆ, ಗೇರು ತಾನೇ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಘಾಟಿ ಇಳಿಯುವಾಗ ಗೇರು ಹಾರಿದರೆ ಎಂಜಿನ್ನಿನ ತಡೆ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆಯಂಥ ತಿರುವುಗಳಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಎಷ್ಟೋ ವೇಳೆ ಈ ಓರೆಗೆ ಲೇತ್ ಕೆಲಸಗಾರ ಹೊಣೆಯಲ್ಲ. ಜೋಡಿಸುವ ಮುಖಗಳ ನಡುವೆ ಉಳಿದ ಹಳೆಯ ಬಣ್ಣದ ಹೊಪ್ಪಳೆ, ತುಕ್ಕು, ಸಿಕ್ಕಿಕೊಂಡ ಒಂದು ತಂತಿ, ಕಳೆದುಹೋದ ಗೂಟ ಇಷ್ಟೇ ಸಾಕು. ಮುಖಗಳನ್ನು ಉಜ್ಜಿ ಒರೆಸಿ ಮತ್ತೆ ಅಳೆಯುವುದು ಮೊದಲ ಕೆಲಸ.

ರೋಗಿಯ ಮಾತು ಕೇಳಬೇಕು

ಪೆಟ್ಟಿಗೆ ಕೂತಿದೆ, ಕಾರು ಮಾತ್ರ ಮುನಿಸಿಕೊಂಡಿದೆ. ಈಗ ಏನು? ಮತ್ತೆ ಬಿಚ್ಚುವುದಕ್ಕೆ ಮೊದಲು ಲಕ್ಷಣಗಳನ್ನು ಕೇಳಬೇಕು. ನಾಡಿ ನೋಡದೆ ಕಷಾಯ ಕೊಡುವ ವೈದ್ಯ ಇಲ್ಲಿಯೂ ಅಪಾಯಕಾರಿಯೇ.

ಮೊದಲ ಪರೀಕ್ಷೆಗೆ ಯಾವ ಸಾಧನವೂ ಬೇಡ. ಎಂಜಿನ್ ನಿಲ್ಲಿಸಿ ಎಲ್ಲ ಗೇರುಗಳನ್ನೂ ಹಾಕಿ ನೋಡಬೇಕು. ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ದೋಷ ಪೆಟ್ಟಿಗೆಯದಲ್ಲ. ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎಂಜಿನ್ ನಿಂತಾಗಲೂ ಬೀಳದಿದ್ದರೆ ಲಿವರ್, ಸರಳು, ಕೊಂಡಿಗಳತ್ತ ನೋಡಬೇಕು. ಅವನ್ನು ಪೆಟ್ಟಿಗೆಯಿಂದ ಬಿಡಿಸಿ, ಪೆಟ್ಟಿಗೆಯ ಮೇಲಿನ ಸನ್ನೆಯನ್ನು ನೇರವಾಗಿ ಕೈಯಿಂದಲೇ ಆಡಿಸಿದಾಗ ಗೇರು ಬಿದ್ದರೆ ತಪ್ಪು ಹೊರಗಿನ ಕೊಂಡಿಗಳದು. ಆಗಲೂ ಬೀಳದಿದ್ದರೆ ಮಾತ್ರ ಪೆಟ್ಟಿಗೆ ತೆರೆಯುವ ಮಾತು. ಸಿಗ್ನಲ್ಲಿನಲ್ಲಿ ಬಾನೆಟ್ ಎತ್ತುತ್ತಿದ್ದ ಚಾಲಕ ತನಗರಿವಿಲ್ಲದೆಯೇ ಮಾಡುತ್ತಿದ್ದುದು ಈ ಪರೀಕ್ಷೆಯನ್ನೇ.

ಕ್ಲಚ್ ಬಿಡುತ್ತಿಲ್ಲವೆಂಬ ಸಂಶಯಕ್ಕೆ ಇನ್ನೊಂದು ಒರೆಗಲ್ಲುಂಟು. ಎಂಜಿನ್ ಓಡುತ್ತಿರಲಿ, ಕ್ಲಚ್ ಪೂರ್ತಿ ತುಳಿದು ಹತ್ತು ಎಣಿಸಿ, ಬಳಿಕ ರಿವರ್ಸ್ ಹಾಕಬೇಕು. ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೊಮೆಷ್ ಇರುವುದಿಲ್ಲವಾದ್ದರಿಂದ ಅದು ಸುಳ್ಳು ಹೇಳುವುದಿಲ್ಲ. ಹತ್ತು ಎಣಿಸಿದ ಮೇಲೂ ಕರಕರ ಎಂದರೆ ಶಾಫ್ಟು ಇನ್ನೂ ತಿರುಗುತ್ತಿದೆ. ಪೆಡಲಿನಿಂದ ಫೋರ್ಕಿನವರೆಗೆ ಚಲನೆ ಸಾಲದೆ ಇರಬಹುದು. ಹೈಡ್ರಾಲಿಕ್ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಕ್ಲಚ್ ಪ್ಲೇಟು ಹಿಂದು ಮುಂದಾಗಿ ಕೂತಿರಬಹುದು. ಈ ಕೊನೆಯದು ಅನುಭವಿಗಳಿಂದಲೂ ಆಗುವ ತಪ್ಪು. ಪ್ಲೇಟಿನ ಒಂದು ಬದಿಯಲ್ಲಿ ಸ್ಪ್ರಿಂಗುಗಳ ಉಬ್ಬು ಹೆಚ್ಚಿರುತ್ತದೆ. ಅದು ಫ್ಲೈವೀಲಿನ ಕಡೆಗೆ ಬಂದರೆ ಬೋಲ್ಟುಗಳಿಗೆ ತಗಲಿ ಬಿಡುವುದೇ ಇಲ್ಲ. ಇವೆಲ್ಲ ಸರಿಯಿದ್ದೂ ಶಾಫ್ಟು ತಿರುಗುತ್ತಿದ್ದರೆ ಪೈಲಟ್ ಬುಷ್ ಹಿಡಿದುಕೊಂಡಿದೆ ಎಂದರ್ಥ. ಕ್ಲಚ್ ಬಿಟ್ಟರೂ ಬುಷ್ ಶಾಫ್ಟಿನ ಮೂಗು ಹಿಡಿದು ತಿರುಗಿಸುತ್ತಿರುತ್ತದೆ.

ಸದ್ದಿಗೂ ಒಂದು ವ್ಯಾಕರಣವಿದೆ. ಕ್ಲಚ್ ತುಳಿದಾಗ ಮಾತ್ರ ಕೀರಲು ಸದ್ದು ಬಂದರೆ ರಿಲೀಸ್ ಬೇರಿಂಗಿನದೋ ಪೈಲಟ್ ಬುಷ್ಷಿನದೋ. ನ್ಯೂಟ್ರಲ್ಲಿನಲ್ಲಿ ಗೊರಗೊರ ಎಂದು, ಕ್ಲಚ್ ತುಳಿದೊಡನೆ ನಿಂತರೆ ಪೆಟ್ಟಿಗೆಯೊಳಗಿನ ಮುಂದಿನ ಬೇರಿಂಗು. ಕೆಳಗಿನ ಗೇರುಗಳಲ್ಲಿ ಗುಂಯ್‌ಗುಟ್ಟಿ ನಾಲ್ಕನೆಯದರಲ್ಲಿ ತಣ್ಣಗಾದರೆ ಕೆಳಗಿನ ಕೌಂಟರ್ ಶಾಫ್ಟಿನ ಬೇರಿಂಗುಗಳು. ಏಕೆಂದರೆ ಇಂಥ ಪೆಟ್ಟಿಗೆಗಳಲ್ಲಿ ನಾಲ್ಕನೇ ಗೇರೆಂದರೆ ನೇರ ಸಂಪರ್ಕ, ಕೌಂಟರ್ ಶಾಫ್ಟಿನ ಮೇಲೆ ಭಾರವಿಲ್ಲ.

ವೇಗ ಏರಿದಂತೆ ಇಡೀ ಕಾರು ನಡುಗುವುದು ಮತ್ತೊಂದು ದೂರು. ಆ ವೇಗದಲ್ಲೇ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ಲಿಗೆ ತಂದು ನೋಡಬೇಕು. ನಡುಕ ನಿಂತರೆ ಎಂಜಿನ್ನು, ಕ್ಲಚ್ಚುಗಳ ಕಡೆ ನೋಡಬೇಕು. ಮುಂದುವರಿದರೆ ಪ್ರೊಪೆಲ್ಲರ್ ಶಾಫ್ಟು ಅಥವಾ ಚಕ್ರಗಳು. ಹೊಸ ಪೆಟ್ಟಿಗೆ ಹಳೆಯದಕ್ಕಿಂತ ಉದ್ದವಾಗಿದ್ದರೆ ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿಸಿರುತ್ತಾರೆ. ಬೆಸೆದ ಮೇಲೆ ಅದನ್ನು ಬ್ಯಾಲೆನ್ಸ್ ಮಾಡಿಸಿರಬೇಕು, ಎರಡೂ ತುದಿಯ ಕ್ರಾಸ್‌ಗಳು ಒಂದೇ ಹೊಂದಿಕೆಯಲ್ಲಿರಬೇಕು, ಪೆಟ್ಟಿಗೆಯ ಹಿಂತುದಿಯೂ ಹಿಂದಿನ ಆಕ್ಸಲ್ಲಿನ ಮೂಗೂ ಸಮಾನಾಂತರವಾಗಿರಬೇಕು. ಇಲ್ಲವಾದರೆ ಒಂದು ಕ್ರಾಸಿನಲ್ಲಿ ಹುಟ್ಟಿದ ಏರಿಳಿತವನ್ನು ಇನ್ನೊಂದು ಕ್ರಾಸು ಅಳಿಸುವುದಿಲ್ಲ. ಎಷ್ಟೋ ಸಲ ಪೆಟ್ಟಿಗೆಯ ಹಿಂದಿನ ರಬ್ಬರ್ ಮೌಂಟಿನಡಿ ತೆಳು ತಗಡೊಂದನ್ನು ಇಟ್ಟರೆ ನಡುಕ ಮಾಯವಾಗುವುದುಂಟು.

ಎಣ್ಣೆಯ ಗುಟ್ಟು

ಎಲ್ಲ ಸರಿಯಿದ್ದೂ ಗೇರು ಒರಟಾಗಿದ್ದರೆ ಎಣ್ಣೆಯ ಡಬ್ಬ ನೋಡಬೇಕು. ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂಬ ಗುರುತುಗಳಿರುತ್ತವೆ. ಐದು ನಾಲ್ಕಕ್ಕಿಂತ ಮೇಲು ಎಂದು ಭಾವಿಸುವುದು ಸಹಜ; ಹಳೆಯ ಪೆಟ್ಟಿಗೆಗಳಿಗೆ ಅದು ತಿರುಗುಬಾಣ. ಜಿಎಲ್-5 ಎಣ್ಣೆ ರೂಪುಗೊಂಡದ್ದು ಹಿಂದಿನ ಆಕ್ಸಲ್ಲಿನ ಭಾರಿ ಒತ್ತಡಕ್ಕೆ. ಅದರಲ್ಲಿರುವ ಗಂಧಕ, ರಂಜಕದ ಸಂಯುಕ್ತಗಳು ಬಿಸಿಯಲ್ಲಿ ಹಿತ್ತಾಳೆ, ಕಂಚುಗಳನ್ನು ಕೊರೆಯಬಲ್ಲವು. ಸಾಲದ್ದಕ್ಕೆ ಉಜ್ಜಿ ಕೆಲಸ ಮಾಡಬೇಕಾದ ಸಿಂಕ್ರೊ ಬಳೆಗೆ ಅತಿಯಾದ ಜಾರಿಕೆಯೂ ಶತ್ರುವೇ. ಆ ಕಾಲದ ಕೆಲವು ಬ್ರಿಟಿಷ್ ಪೆಟ್ಟಿಗೆಗಳಿಗೆ ಎಂಜಿನ್ ಎಣ್ಣೆಯನ್ನೇ ಹಾಕಬೇಕಿತ್ತು. ಆದ್ದರಿಂದ ಕಾರಿನ ಪುಸ್ತಕಕ್ಕಿಂತ ಈಗ ಕೂಡಿಸಿರುವ ಪೆಟ್ಟಿಗೆಯ ಪುಸ್ತಕ ಮುಖ್ಯ.

ಪೆಟ್ಟಿಗೆ ಬದಲಾದರೆ ಸ್ಪೀಡೋಮೀಟರ್ ಕೂಡ ಸುಳ್ಳು ಹೇಳಬಹುದು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ಅದಕ್ಕೆ ತಕ್ಕಡಿ. ಮುಳ್ಳು 60ರಲ್ಲಿ ಕದಲದೆ ನಿಂತಿರುವಾಗ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ನಿಮಿಷ ಹಿಡಿಯಬೇಕು.

ಕತ್ತರಿಸುವ ಮುನ್ನ

ಕೊನೆಯದಾಗಿ, ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಹೊಸ ಪೆಟ್ಟಿಗೆಗೆ ಜಾಗ ಮಾಡಲು ಕಾರಿನ ನೆಲವನ್ನು, ಅಡ್ಡಪಟ್ಟಿಯನ್ನು ಕತ್ತರಿಸಬೇಕೆ? 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ನಿಯಮಗಳನ್ನು ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ಮಾತ್ರ ಆ ಮನ್ನಣೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದೂ ಇದೆ. ಗರಗಸ ಹಿಡಿಯುವ ಮುನ್ನ ಆರ್‌ಟಿಓ ಕಚೇರಿಯ ಮೆಟ್ಟಿಲು ಹತ್ತುವುದು ಲೇಸು. ಬೋಲ್ಟಿನಿಂದ ಕೂಡಿಸಿದ್ದನ್ನು ಬಿಚ್ಚಿ ಹಳೆಯದನ್ನು ಮರಳಿ ಇಡಬಹುದು. ಕತ್ತರಿಸಿದ ಚಾಸಿಯನ್ನು ಮರಳಿ ತರಲಾಗದು. ಕಳಚಿದ ಹಳೆಯ ಪೆಟ್ಟಿಗೆಯನ್ನು ಎಣ್ಣೆ ಸವರಿ ಅಟ್ಟದ ಮೇಲಿಡುವವರು ದೂರದೃಷ್ಟಿಯುಳ್ಳವರು.

ಎಷ್ಟೋ ವೇಳೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸ್ಟೀರಿಂಗ್ ಪಕ್ಕದ ಲಿವರಿನ ಸವೆದ ಬುಷ್‌ಗಳನ್ನು ಹಿತ್ತಾಳೆಯಲ್ಲೋ ನೈಲಾನಿನಲ್ಲೋ ಲೇತಿನಲ್ಲಿ ಹೊಸದಾಗಿ ಕಡೆಸಿ, ಸರಳುಗಳ ಉದ್ದ ಹೊಂದಿಸಿದರೆ ಸಿಗ್ನಲ್ಲಿನಲ್ಲಿ ಬಾನೆಟ್ ಎತ್ತುವ ಪ್ರಮೇಯವೇ ಬರುವುದಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರಿಗೆ ಗೊತ್ತು, ಕಾರೆಂದರೆ ಓಡುವ ಯಂತ್ರವಷ್ಟೇ ಅಲ್ಲ, ಒಂದು ಕಾಲದ ಜನ ಹೇಗೆ ಕೂರುತ್ತಿದ್ದರು, ಯಾವ ಕೈಯಿಂದ ಗೇರು ಎಳೆಯುತ್ತಿದ್ದರು ಎಂಬುದರ ದಾಖಲೆ ಕೂಡ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ತಡಕಿದರೆ ಹಳೆಯ ಗೇರುಗಳು ಇಂದಿಗೂ ಸಿಕ್ಕಾವು. ಸಿಗುವುದು ಕಷ್ಟವಾಗುತ್ತಿರುವುದು, ಸದ್ದು ಕೇಳಿಯೇ ಇಂಥ ಬೇರಿಂಗು ಹೋಗಿದೆ ಎನ್ನಬಲ್ಲ ಹಿರಿಯ ಮೇಸ್ತ್ರಿಗಳು. ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಬೆರಳ ತುದಿಯಲ್ಲಿದೆ. ಹಳೆ ಕಾರಿನ ಒಡೆಯರು ಅಟ್ಟದ ಮೇಲೆ ಜೋಪಾನವಾಗಿಡಬೇಕಾದದ್ದು ಪೆಟ್ಟಿಗೆಯನ್ನಾದರೆ, ಪಕ್ಕದಲ್ಲಿ ನಿಂತು ಕಲಿತುಕೊಳ್ಳಬೇಕಾದದ್ದು ಆ ಕಿವಿಯನ್ನು.